ಐಸಿಯುವಿನಲ್ಲಿ ಅಪ್ಪನನ್ನು ಉಪವಾಸ ಕೆಡವಿದರೇ?

ಪ್ರಶ್ನೆ: ನಮ್ಮ ತಂದೆಯವರಿಗೆ 66 ವರ್ಷ. ನ್ಯುಮೋನಿಯಾ ಆಗಿ, ರಕ್ತಕ್ಕೆ ನಂಜೇರಿ, ಹನ್ನೆರಡು ದಿನ ಐಸಿಯುವಿನಲ್ಲಿ ವೆಂಟಿಲೇಟರ್ ಮೇಲಿದ್ದರು. ಮೊದಲ ದಿನ ಹೊಟ್ಟೆಗೆ ಏನನ್ನೂ ಕೊಡಲಿಲ್ಲ. ಎರಡನೆಯ ದಿನದಿಂದ ಮೂಗಿನ ಕೊಳವೆಯಲ್ಲಿ ಗಂಟೆಗೆ 20 ಮಿ.ಲೀ.ನಂತೆ ಬಿಳಿಯ ದ್ರವವೊಂದನ್ನು ಬಿಟ್ಟರು. ನಾವು ಒಯ್ದ ರಾಗಿ ಗಂಜಿಯನ್ನೂ ಎಳನೀರನ್ನೂ ಬಾಗಿಲಲ್ಲೇ ಹಿಂದಿರುಗಿಸಿದರು. ಈಗ ಮನೆಗೆ ಬಂದಿದ್ದಾರೆ, 58 ಕೆ.ಜಿ. ಇದ್ದವರು 51ಕ್ಕೆ ಇಳಿದಿದ್ದಾರೆ, ಹಿಡಿದುಕೊಳ್ಳದೆ ಎದ್ದು ನಿಲ್ಲಲಾರರು. ‘ಹೊಟ್ಟೆಗಿಲ್ಲದೆ ಹೀಗೆ ಮಾಡಿದರು’ ಎಂದು ಅಮ್ಮ ದಿನವೂ ಕಣ್ಣೀರು ಹಾಕುತ್ತಾರೆ. ಅದು ನಿಜವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ತಾಯಿಯವರ ಮಾತನ್ನು ಐಸಿಯುವಿನ ಬಾಗಿಲಲ್ಲಿ ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಕೈಯಲ್ಲಿ ಫ್ಲಾಸ್ಕ್ ಹಿಡಿದು ನಿಂತವರಿಗೆ ‘ಬೇಡ’ ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಳ್ಳುವುದು ನಮ್ಮ ಕಡೆಯ ತಪ್ಪು. ಏಕೆ ಬೇಡ ಎಂಬುದನ್ನು ಅಂದೇ ಹೇಳಿದ್ದರೆ ಈ ಕೊರಗು ಇಷ್ಟು ದಿನ ಉಳಿಯುತ್ತಿರಲಿಲ್ಲ. ನೀವು ಬರೆದಿರುವುದನ್ನು ನೋಡಿದರೆ ಅವರನ್ನು ಉಪವಾಸ ಕೆಡವಿದಂತೆ ಕಾಣುವುದಿಲ್ಲ.

ನಂಜೇರಿದ ಮೊದಲ ದಿನ ರಕ್ತದೊತ್ತಡ ಕುಸಿದಿರುತ್ತದೆ, ಅದನ್ನು ಎತ್ತಿ ನಿಲ್ಲಿಸಲು ನಾರ್‌ಅಡ್ರಿನಲಿನ್‌ನಂತಹ ಔಷಧಿ ಓಡುತ್ತಿರುತ್ತದೆ, ಕರುಳಿಗೆ ಹೋಗುವ ರಕ್ತವೂ ಕಡಿಮೆಯಾಗಿರುತ್ತದೆ. ಆ ಹೊತ್ತಿನಲ್ಲಿ ಕರುಳಿಗೆ ಆಹಾರ ಸುರಿದರೆ ಅದನ್ನು ಅರಗಿಸಲು ಬೇಕಾದಷ್ಟು ರಕ್ತ ಸಿಗದೆ ಕರುಳೇ ಕೊಳೆಯುವ ಅಪಾಯವಿದೆ. ಆದ್ದರಿಂದ ರಕ್ತದೊತ್ತಡ ಒಂದು ನೆಲೆಗೆ ಬರುವವರೆಗೆ ಕಾದು, ಸಾಮಾನ್ಯವಾಗಿ 48 ಗಂಟೆಗಳ ಒಳಗೆ, ಸ್ವಲ್ಪ ಸ್ವಲ್ಪವಾಗಿ ಆರಂಭಿಸುತ್ತೇವೆ. ನಿಮ್ಮ ತಂದೆಯವರಿಗೆ ಮಾಡಿದ್ದೂ ಹೀಗೆಯೇ.

ಗಂಟೆಗೆ 20 ಮಿ.ಲೀ. ಎಂದರೆ ದಿನಕ್ಕೆ 480 ಮಿ.ಲೀ. ಸಾಮಾನ್ಯವಾಗಿ ಬಳಸುವ ದ್ರವಾಹಾರದ ಒಂದು ಮಿ.ಲೀ.ನಲ್ಲಿ ಸುಮಾರು ಒಂದು ಕ್ಯಾಲೊರಿ ಇರುವುದರಿಂದ ಅವರಿಗೆ ಸಿಕ್ಕಿದ್ದು 480 ಕ್ಯಾಲೊರಿ. ಪೂರ್ಣ ಪ್ರಮಾಣವೆಂದರೆ ಕೆ.ಜಿ.ಗೆ 25ರಂತೆ 1,450 ಕ್ಯಾಲೊರಿ. ಮೂರನೆಯ ಒಂದು ಭಾಗ ಮಾತ್ರ ಎಂದು ಅನ್ನಿಸುವುದು ಸಹಜ. ಆದರೆ ತೀವ್ರ ಕಾಯಿಲೆಯ ಮೊದಲ ದಿನಗಳಲ್ಲಿ ದೇಹವು ತನ್ನದೇ ಮಾಂಸಖಂಡವನ್ನು ಕರಗಿಸಿ, ಯಕೃತ್ತಿನಲ್ಲಿ ಸಕ್ಕರೆ ಮಾಡಿಕೊಂಡು ಉರಿಸುತ್ತಿರುತ್ತದೆ. ಹೊರಗಿನಿಂದ ಎಷ್ಟು ಆಹಾರ ಕೊಟ್ಟರೂ ಈ ಕರಗುವಿಕೆ ಪೂರ್ತಿ ನಿಲ್ಲುವುದಿಲ್ಲ. ಅದರ ಮೇಲೆ ಪೂರ್ಣ ಪ್ರಮಾಣವನ್ನೂ ಹೇರಿದರೆ ರಕ್ತದಲ್ಲಿ ಸಕ್ಕರೆ ಏರುತ್ತದೆ, ಹೊಟ್ಟೆ ಉಬ್ಬರಿಸುತ್ತದೆ. ಫ್ರಾನ್ಸ್‌ನಲ್ಲಿ ವೆಂಟಿಲೇಟರ್ ಜೊತೆಗೆ ರಕ್ತದೊತ್ತಡದ ಔಷಧಿಯೂ ಬೇಕಾಗಿದ್ದ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮೊದಲ ವಾರ ಕೆಲವರಿಗೆ ಕೆ.ಜಿ.ಗೆ 25 ಕ್ಯಾಲೊರಿ, ಉಳಿದವರಿಗೆ ಬರೀ 6 ಕ್ಯಾಲೊರಿ ಕೊಟ್ಟು ನೋಡಿದರು. ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಡಿಮೆ ಪಡೆದವರೇ ಸ್ವಲ್ಪ ಬೇಗ ಐಸಿಯು ಬಿಡುವ ಸ್ಥಿತಿಗೆ ಬಂದರು, ವಾಂತಿ–ಭೇದಿಯೂ ಅವರಲ್ಲಿ ಕಡಿಮೆಯಿತ್ತು.

ಗಂಜಿಯ ವಿಷಯ. ಆ ಕೊಳವೆ ಪೆನ್ಸಿಲ್‌ಗಿಂತ ತೆಳು. ಬಿಸಿಯಿದ್ದಾಗ ತೆಳ್ಳಗಿದ್ದ ರಾಗಿ ಗಂಜಿ ಆರುತ್ತಿದ್ದಂತೆ ಒಳಗೇ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ನರ್ಸ್ ಸಿರಿಂಜಿನಲ್ಲಿ ಬೆಚ್ಚಗಿನ ನೀರು ತುಂಬಿ ಎಷ್ಟು ಒತ್ತಿದರೂ ಅದು ಸರಿಯುವುದಿಲ್ಲ, ಕೊಳವೆಯನ್ನೇ ಕಿತ್ತು ಹೊಸದು ಹಾಕಬೇಕಾಗುತ್ತದೆ. ಕಟ್ಟಿಕೊಳ್ಳದಷ್ಟು ನೀರು ಮಾಡಿದರೆ ಅದರಲ್ಲಿ ಕಸುವು ಉಳಿಯುವುದಿಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು; ನಂಜಿನಿಂದ ಮೂತ್ರಪಿಂಡ ಸೋತಿದ್ದರೆ ಅದು ರಕ್ತದಲ್ಲೇ ಉಳಿದು ಹೃದಯದ ಬಡಿತವನ್ನು ಕೆಡಿಸಬಹುದು. ಮಾತು ಬಂತೆಂದು ಹೇಳುತ್ತೇನೆ: ಬಹಳ ಜನ ನೆಮ್ಮದಿ ಪಡುವ ಗ್ಲೂಕೋಸ್ ಬಾಟಲಿ ಊಟವೇ ಅಲ್ಲ. ಅರ್ಧ ಲೀಟರಿನ ಶೇ 5ರ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ನೂರು ಕ್ಯಾಲೊರಿಯೂ ಇಲ್ಲ.

ಹಾಗೆಂದು ಎಲ್ಲವೂ ಸದಾ ಸರಿಯಾಗಿಯೇ ನಡೆಯುತ್ತದೆ ಎಂದು ನಾನು ಹೇಳಲಾರೆ. ಮೂರನೆಯ ದಿನದ ನಂತರ ಪ್ರಮಾಣವನ್ನು ಏರಿಸುತ್ತಾ ಒಂದು ವಾರದೊಳಗೆ ಗುರಿ ಮುಟ್ಟಬೇಕು, ಪ್ರೋಟೀನ್ ಕೆ.ಜಿ.ಗೆ 1.3 ಗ್ರಾಂನಷ್ಟು, ಅಂದರೆ ನಿಮ್ಮ ತಂದೆಯವರಿಗೆ ದಿನಕ್ಕೆ 75 ಗ್ರಾಂ, ಸಿಗಬೇಕು. ಲೋಪವಾಗುವುದು ಇಲ್ಲಿಯೇ. ಸ್ಕ್ಯಾನಿಂಗ್‌ಗೆಂದು ಬೆಳಿಗ್ಗೆ ನಿಲ್ಲಿಸಿದ ಆಹಾರವನ್ನು ರಾತ್ರಿಯವರೆಗೂ ಮರಳಿ ಆರಂಭಿಸದೆ ಬಿಡುವುದನ್ನು ನಾನೇ ಕಂಡು ಬೇಸರಪಟ್ಟಿದ್ದೇನೆ. ಆದ್ದರಿಂದ ರೋಗಿಯ ಮನೆಯವರು ವೈದ್ಯರನ್ನು ‘ಆಹಾರ ಕೊಡುತ್ತಿದ್ದೀರಾ?’ ಎಂದು ಕೇಳುವುದಕ್ಕಿಂತ ‘ನಿನ್ನೆ ಬರೆದದ್ದೆಷ್ಟು, ಒಳಗೆ ಹೋದದ್ದೆಷ್ಟು?’ ಎಂದು ಕೇಳಬೇಕು. ಆ ಎರಡು ಅಂಕಿಗಳೂ ಹಾಸಿಗೆಯ ಪಕ್ಕದ ಚಾರ್ಟ್‌ನಲ್ಲಿ ಇರಬೇಕಾದವು.

ಇನ್ನು ಇಳಿದ ತೂಕ. ಲಂಡನ್ನಿನ ವೈದ್ಯರು ಐಸಿಯು ರೋಗಿಗಳ ತೊಡೆಯ ಸ್ನಾಯುವನ್ನು ಅಲ್ಟ್ರಾಸೌಂಡ್‌ನಲ್ಲಿ ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹತ್ತೇ ದಿನಗಳಲ್ಲಿ ಅದು ಸರಾಸರಿ ಶೇ 18ರಷ್ಟು ಕುಗ್ಗಿತ್ತು; ಹೆಚ್ಚು ಅಂಗಗಳು ಸೋತವರಲ್ಲಿ ಇನ್ನೂ ಹೆಚ್ಚು. ನಿಮ್ಮ ತಂದೆಯವರ ಕಾಲು ಸೋತಿರುವುದಕ್ಕೆ ಮುಖ್ಯ ಕಾರಣ ಆ ಕಾಯಿಲೆ, ಮತ್ತು ಹನ್ನೆರಡು ದಿನ ಅಲುಗಾಡದೆ ಮಲಗಿದ್ದು.

ನಿಮ್ಮ ತಾಯಿಯವರ ಅಡುಗೆಗೆ ಕಾಲ ಬಂದಿರುವುದು ಈಗ. ಮೂತ್ರಪಿಂಡ ಸರಿಯಿದೆಯೆಂದು ನಿಮ್ಮ ವೈದ್ಯರು ಖಚಿತಪಡಿಸಿದರೆ, ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪವಾಗಿ, ಪ್ರತಿ ಸಲವೂ ಬೇಳೆ, ಹಾಲು, ಮೊಸರು, ಮೊಟ್ಟೆಗಳಲ್ಲಿ ಒಂದಾದರೂ ಇರುವಂತೆ ಕೊಡಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ. ರಾಗಿ ಗಂಜಿಯನ್ನು ಹಾಲಿನಲ್ಲಿ ಮಾಡಿ. ಜೊತೆಗೆ ಹಿಡಿದುಕೊಂಡಾದರೂ ದಿನಕ್ಕೆ ಹಲವು ಸಲ ಎದ್ದು ನಿಲ್ಲಿಸಿ, ನಡೆಸಿ; ಬರೀ ಊಟದಿಂದ ಸ್ನಾಯು ಮರಳುವುದಿಲ್ಲ. ನೀರು ಅಥವಾ ಕಾಫಿ ಕುಡಿಯುವಾಗ ಕೆಮ್ಮು ಬರುತ್ತಿದ್ದರೆ ಕೂಡಲೇ ತೋರಿಸಿ. ವೆಂಟಿಲೇಟರ್ ಕೊಳವೆ ತೆಗೆದ ಮೇಲೆ ಕೆಲವರಿಗೆ ನುಂಗುವ ಶಕ್ತಿ ಕುಂದಿರುತ್ತದೆ, ಕುಡಿದದ್ದು ಶ್ವಾಸಕೋಶಕ್ಕೆ ಇಳಿಯಬಹುದು.

ಪ್ರಶ್ನೆ: ಕೊಳವೆಯ ಗೊಡವೆಯೇ ಇಲ್ಲದೆ ರಕ್ತನಾಳದ ಮೂಲಕ ಎಲ್ಲ ಪೌಷ್ಟಿಕಾಂಶವನ್ನೂ ಮೊದಲ ದಿನದಿಂದಲೇ ಕೊಡಬಹುದಲ್ಲವೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಕೊಡಬಹುದು, ಆದರೆ ಅವಸರ ಒಳ್ಳೆಯದಲ್ಲ. ಬೆಲ್ಜಿಯಂನಲ್ಲಿ 4,640 ರೋಗಿಗಳ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊಳವೆಯ ಆಹಾರದ ಕೊರತೆಯನ್ನು ರಕ್ತನಾಳದ ಮೂಲಕ 48 ಗಂಟೆಗಳೊಳಗೆ ತುಂಬಿಕೊಟ್ಟವರಿಗಿಂತ, ಎಂಟನೆಯ ದಿನದವರೆಗೆ ಕಾದವರಲ್ಲಿ ಸೋಂಕು ಕಡಿಮೆಯಿತ್ತು. ಕರುಳು ಕೆಲಸ ಮಾಡುವಂತಿದ್ದರೆ ಅದನ್ನೇ ಬಳಸುವುದು ಮೇಲು. ಕರುಳಿನ ದೊಡ್ಡ ಶಸ್ತ್ರಚಿಕಿತ್ಸೆಯಾಗಿ ಅದನ್ನು ಬಳಸುವಂತಿಲ್ಲದಿದ್ದರೆ, ಅದರಲ್ಲೂ ರೋಗಿ ಮೊದಲೇ ಸೊರಗಿದ್ದರೆ, ಅಷ್ಟು ದಿನ ಕಾಯುವುದಿಲ್ಲ. ಆದರೆ ಬಹುದಿನ ಅನ್ನ ಬಿಟ್ಟವರಿಗೆ ಒಮ್ಮೆಲೇ ಪೂರ್ಣ ಆಹಾರ ಕೊಟ್ಟರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಪ್ರಾಣಕ್ಕೆ ಕುತ್ತಾಗಬಹುದು. ಅವರಿಗೆ ಮೊದಲು ಥಯಾಮಿನ್ (ಬಿ1 ವಿಟಮಿನ್) ಕೊಟ್ಟು, ಅಲ್ಪ ಪ್ರಮಾಣದಲ್ಲಿ ಆರಂಭಿಸಿ, ದಿನವೂ ರಕ್ತ ಪರೀಕ್ಷಿಸಿ ಏರಿಸುತ್ತೇವೆ.