ವಿಯೆಟ್ನಾಂಗೆ ಹೊರಟಿದ್ದೀರಾ? ಮೊದಲು ಪಂಚಾಂಗ ನೋಡಿ

ನಾವು ಮನೆಮಂದಿ ವಿಯೆಟ್ನಾಂಗೆ ಹೋಗಿ ಬಂದಿದ್ದನ್ನು ಹೋದ ಸಲ ಇದೇ ಅಂಕಣದಲ್ಲಿ ಎರಡು ಸಾಲು ಬರೆದಿದ್ದೆ. ಅಷ್ಟಕ್ಕೇ ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಇಷ್ಟೊಂದು ಪ್ರಶ್ನೆ ಬರುತ್ತವೆ ಅಂದುಕೊಂಡಿರಲಿಲ್ಲ. ಬರೆದವರಲ್ಲಿ ಹೆಚ್ಚಿನವರು ಮೊದಲ ಸಲ ದೇಶ ಬಿಟ್ಟು ಹೊರಡುವವರು. ಹಾಗಾಗಿ ಈ ಸಲ ಬೇರೆ ಪತ್ರಗಳನ್ನೆಲ್ಲ ಪಕ್ಕಕ್ಕಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಾನು ನಿವೃತ್ತ ಶಿಕ್ಷಕ. ನಾನು, ನನ್ನ ಹೆಂಡತಿ ಇಬ್ಬರೇ ಹೊರಟಿದ್ದೇವೆ. ಟೂರ್‌ನವರು ಎಂಟು ದಿನದಲ್ಲಿ ಹನೋಯ್, ಹಾ ಲಾಂಗ್, ಡಾ ನಾಂಗ್, ಸೈಗಾನ್, ಜೊತೆಗೆ ಕಾಂಬೋಡಿಯಾದ ಅಂಕೋರ್ ವಾಟ್ ಅಂತ ಪಟ್ಟಿ ಕೊಟ್ಟಿದ್ದಾರೆ. ಇಷ್ಟೆಲ್ಲ ಆಗುತ್ತದೆಯೇ? ನಾವು ಮೊಟ್ಟೆಯನ್ನೂ ಮುಟ್ಟುವವರಲ್ಲ, ಊಟಕ್ಕೇನು ಗತಿ?
— ಮೇಷ್ಟ್ರು, ದಾವಣಗೆರೆ

ಮೇಷ್ಟ್ರೇ, ಆಗುತ್ತದೆ. ಆದರೆ ನೀವು ನೋಡಿ ಬರುವುದು ಬರೀ ವಿಮಾನ ನಿಲ್ದಾಣಗಳನ್ನು. ಮ್ಯಾಪಿನಲ್ಲಿ ಸಣ್ಣದಾಗಿ ಕಾಣುತ್ತದೆ ನಿಜ, ಆದರೆ ಆ ದೇಶ ಉದ್ದಕ್ಕೆ ಮಲಗಿದೆ. ಹನೋಯ್‌ನಿಂದ ಸೈಗಾನ್‌ಗೆ, ಅಂದರೆ ಈಗಿನ ಹೋ ಚಿ ಮಿನ್ ಸಿಟಿಗೆ, ರೈಲು ದಾರಿ 1,726 ಕಿಲೋಮೀಟರ್. ದಾವಣಗೆರೆಯಿಂದ ಬೆಂಗಳೂರಿಗೆ ಇರುವ ದೂರದ ಆರೂವರೆ ಪಟ್ಟು! ಎಂಟು ದಿನದಲ್ಲಿ ಮೇಲಿಂದ ಕೆಳಗೆ ಓಡಿ, ಆಮೇಲೆ ಗಡಿ ದಾಟಿ ಕಾಂಬೋಡಿಯಾಗೂ ಹೋಗಿ ಬರುವುದು ಅಂದರೆ ಸೂಟ್‌ಕೇಸ್ ಬಿಚ್ಚುವುದು, ಕಟ್ಟುವುದು ಇಷ್ಟೇ ಕೆಲಸ. ಇನ್ನೊಂದು ಮಾತು. ಒಮ್ಮೆ ಕಾಂಬೋಡಿಯಾಗೆ ಹೋಗಿ ತಿರುಗಿ ವಿಯೆಟ್ನಾಂ ಒಳಗೆ ಬರಬೇಕಾದರೆ ಎರಡು ಸಲ ಒಳಗೆ ಬಿಡುವಂಥ ವೀಸಾ ಬೇಕು. ಪ್ಯಾಕೇಜಿನಲ್ಲಿ ಅದು ಸೇರಿದೆಯೋ ಇಲ್ಲವೋ ಕೇಳಿ ನೋಡಿ. ಅಂಕೋರ್ ವಾಟ್‌ಗೇ ಮೂರು ದಿನ ಬೇಕು, ಅದನ್ನು ಇನ್ನೊಂದು ವರ್ಷಕ್ಕೆ ಇಟ್ಟುಕೊಳ್ಳಿ.

ನನ್ನನ್ನು ಕೇಳಿದರೆ ನೀವಿಬ್ಬರೂ ನಡು ವಿಯೆಟ್ನಾಂ ಒಂದನ್ನೇ ನೋಡಿ ಬನ್ನಿ. ಡಾ ನಾಂಗ್‌ನಲ್ಲಿ ಇಳಿದು ಹೋಯ್ ಆನ್, ಮೀ ಸನ್, ಹುಯೆ. ನಾಲ್ಕೂ ಹತ್ತಿರ ಹತ್ತಿರ. ಕಾರಿನಲ್ಲೇ ಎಲ್ಲ ಮುಗಿಯುತ್ತದೆ.

ಮೀ ಸನ್ ಅಂದೆನಲ್ಲ, ಅದು ಹೋಯ್ ಆನ್‌ನಿಂದ ಸುಮಾರು 40 ಕಿಲೋಮೀಟರ್. ಸುತ್ತ ಗುಡ್ಡ, ನಡುವೆ ಇಟ್ಟಿಗೆಯ ಶಿವನ ಗುಡಿಗಳು. ಹಿಂದೆ ಈ ಭಾಗವನ್ನು ಆಳುತ್ತಿದ್ದ ಚಂಪಾ ರಾಜರು ಕಟ್ಟಿಸಿದ್ದು. ನಾಲ್ಕನೇ ಶತಮಾನದ ಕೊನೆಗೆ ಭದ್ರವರ್ಮ ಎಂಬ ರಾಜ ಇಲ್ಲಿ ಲಿಂಗ ಸ್ಥಾಪಿಸಿ ಭದ್ರೇಶ್ವರ ಅಂತ ಹೆಸರಿಟ್ಟ. ಅಲ್ಲಿಂದ ಮುಂದೆ ಹದಿಮೂರನೇ ಶತಮಾನದವರೆಗೂ ಗುಡಿ ಮೇಲೆ ಗುಡಿ ಕಟ್ಟಿದ್ದಾರೆ, ಸಂಸ್ಕೃತದಲ್ಲಿ ಶಾಸನ ಬರೆಸಿದ್ದಾರೆ. 1969ರಲ್ಲಿ ಅಮೆರಿಕದ ಬಾಂಬು ಬಿದ್ದು ಎಷ್ಟೋ ಹಾಳಾಯಿತು, ಬಾಂಬು ಬಿದ್ದ ಗುಂಡಿಗಳು ಈಗಲೂ ಗುಡಿ ಪಕ್ಕದಲ್ಲೇ ಹುಲ್ಲು ಬೆಳೆದುಕೊಂಡು ಇವೆ. ನಮ್ಮ ದೇಶದ ಪುರಾತತ್ವ ಇಲಾಖೆಯವರೇ ಹೋಗಿ ಕೆಲವು ಗುಡಿಗಳನ್ನು ಸರಿಪಡಿಸಿದರು. ಆ ಕೆಲಸ ನಡೆಯುವಾಗಲೇ 2020ರಲ್ಲಿ ಒಂಬತ್ತನೇ ಶತಮಾನದ, ಒಂದೇ ಮರಳುಗಲ್ಲಿನ ದೊಡ್ಡ ಶಿವಲಿಂಗ ಮಣ್ಣಿನಿಂದ ಎದ್ದು ಬಂತು. ನಮ್ಮ ಅತ್ತೆ ಅಲ್ಲಿ ಚಪ್ಪಲಿ ಬಿಟ್ಟು ಕೈಮುಗಿದಾಗ ಗೈಡ್ ಹುಡುಗಿ ‘ಕಲ್ಲು ಕಾಯ್ದಿದೆ, ಚಪ್ಪಲಿ ಹಾಕಿಕೊಳ್ಳಿ’ ಅಂತ ಕೈಸನ್ನೆಯಲ್ಲಿ ಗೋಗರೆದಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬೆಳಿಗ್ಗೆ ಎಂಟರೊಳಗೆ ಹೋಗಿ. ಹತ್ತಾದರೆ ನಿಮ್ಮ ಏಪ್ರಿಲ್ ಬಿಸಿಲೇ ವಾಸಿ ಅನ್ನಿಸುತ್ತದೆ.

ಇನ್ನು ಊಟ. ಒಂದೇ ಮಾತು ಕಲಿಯಿರಿ: ಚಾಯ್. ನಮ್ಮ ಟೀ ಅಲ್ಲ! ಅವರ ಭಾಷೆಯಲ್ಲಿ ಚಾಯ್ ಅಂದರೆ ಸಸ್ಯಾಹಾರ. ‘ತೋಯ್ ಆನ್ ಚಾಯ್’ ಅಂದರೆ ನಾನು ಸಸ್ಯಾಹಾರಿ. ಅವರು ಬರೆಯುವುದು ಇಂಗ್ಲಿಷಿನಂಥದೇ ಅಕ್ಷರದಲ್ಲಿ, ಬೋರ್ಡಿನ ಮೇಲೆ ಸಿ, ಎಚ್, ಎ, ವೈ ನಾಲ್ಕು ಅಕ್ಷರ ಕಂಡರೆ ಧೈರ್ಯವಾಗಿ ಒಳಗೆ ಹೋಗಿ. ಬೌದ್ಧರು ನಡೆಸುವ ಹೋಟೆಲುಗಳಿವು, ಸಾಮಾನ್ಯವಾಗಿ ಮೊಟ್ಟೆಯೂ ಇರುವುದಿಲ್ಲ, ಎಷ್ಟೋ ಕಡೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಆದರೆ ಬೇರೆ ಹೋಟೆಲಿಗೆ ಹೋಗಿ ‘ಬರೀ ತರಕಾರಿ ಕೊಡಿ’ ಅಂದಿರೋ, ಕೆಟ್ಟಿರಿ. ತರಕಾರಿಯೇ ಕೊಡುತ್ತಾರೆ, ಮೇಲೆ ಮೀನಿನ ಸಾಸ್ ಸುರಿದಿರುತ್ತಾರೆ. ನಮಗೆ ಒಗ್ಗರಣೆ ಹೇಗೋ ಅವರಿಗೆ ಅದು ಹಾಗೆ, ಅದು ಮೀನು ಅಂತ ಅವರಿಗೆ ಅನ್ನಿಸುವುದೇ ಇಲ್ಲ. ಚಾಯ್ ಅಂದರೆ ಆ ಗೊಡವೆ ಇಲ್ಲ.

ಒಂದು ಎಚ್ಚರಿಕೆ ಮಾತ್ರ. ಚಾಯ್ ಹೋಟೆಲಿನಲ್ಲಿ ಸೋಯಾ, ಗೋಧಿಯಿಂದಲೇ ಮಾಂಸದ ಹಾಗೆ ಕಾಣುವ ತಿಂಡಿ ಮಾಡುತ್ತಾರೆ. ನಮ್ಮ ತಟ್ಟೆಗೆ ಬಂದಿದ್ದು ಸಿಗಡಿ. ಕೆಂಪು ಗೆರೆ, ಬಾಲ, ಎಲ್ಲ ಇತ್ತು. ಅತ್ತೆ ತಟ್ಟೆ ದೂರ ತಳ್ಳಿ ಬರೀ ಅನ್ನಕ್ಕೆ ಶೇಂಗಾ ಚಟ್ನಿಪುಡಿ ಕಲೆಸಿಕೊಂಡು ಉಂಡರು. ಅದು ಹಿಟ್ಟು ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಚಟ್ನಿಪುಡಿ, ಖಡಕ್ ರೊಟ್ಟಿ ಚೆಕ್-ಇನ್ ಬ್ಯಾಗಿನಲ್ಲಿ ಹಾಕಿ. ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಡಬೇಡಿ, ಎಣ್ಣೆ ಇರುವುದರಿಂದ ಸೆಕ್ಯುರಿಟಿಯವರು ಬಿಡುವುದಿಲ್ಲ. ನನ್ನ ಅರ್ಧ ಕೆಜಿ ಮಾವಿನ ಮಿಡಿ ಹಾಗೇ ಕಸದ ಡಬ್ಬಿ ಸೇರಿತು.

ಈಗ ತಲೆಬರಹದ ಪಂಚಾಂಗಕ್ಕೆ ಬರುತ್ತೇನೆ. ಅಲ್ಲಿಯ ಬೌದ್ಧರಲ್ಲಿ ಎಷ್ಟೋ ಜನ ತಿಂಗಳಿಗೆ ಎರಡು ದಿನ, ಅವರ ಚಂದ್ರಮಾನದ ಒಂದು ಮತ್ತು ಹದಿನೈದನೇ ತಾರೀಕು, ಚಾಯ್ ಊಟ ಮಾಡುತ್ತಾರೆ. ಅಂದರೆ ನಮ್ಮ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು. ಆ ದಿನ ಮಾಮೂಲಿ ಹೋಟೆಲಿನವರೂ ಚಾಯ್ ಮಾಡುವುದುಂಟು. ಹೋಯ್ ಆನ್‌ನಲ್ಲಿ ಹದಿನಾಲ್ಕನೇ ರಾತ್ರಿ ಹಳೇ ಪೇಟೆಯ ಕರೆಂಟ್ ದೀಪ ಆರಿಸಿ ಬರೀ ಕಂದೀಲು ಹಚ್ಚುತ್ತಾರೆ. ಹುಣ್ಣಿಮೆ ಹಿಂದಿನ ದಿನ ಅಲ್ಲಿಗೆ ತಲುಪುವ ಹಾಗೆ ಟಿಕೆಟ್ ಮಾಡಿಸಿದರೆ ದೀಪವೂ ಸಿಕ್ಕಿತು, ಊಟವೂ ಸಿಕ್ಕಿತು. ಮಾರ್ಚ್ ಒಳ್ಳೆಯ ತಿಂಗಳು. ಟೆಟ್ ಅಂತ ಅವರ ಹೊಸ ವರ್ಷ ಜನವರಿ 21ರಿಂದ ಫೆಬ್ರುವರಿ 20ರೊಳಗೆ ಬರುತ್ತದೆ, ಆ ವಾರ ಬೇಡ. ಅಂಗಡಿ ಮುಂಗಟ್ಟು ಮುಚ್ಚಿ ಎಲ್ಲರೂ ಊರಿಗೆ ಹೋಗಿರುತ್ತಾರೆ.

ಪ್ರಶ್ನೆ: ಮಕ್ಕಳಿಗೆ ದಸರಾ ರಜೆ ಅಕ್ಟೋಬರಿನಲ್ಲಿ. ಆಗಲೇ ಹೋಯ್ ಆನ್‌ಗೆ ಹೋಗಬಹುದಾ?
— ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಬೇಡ. ಅಕ್ಟೋಬರ್, ನವೆಂಬರ್ ಅಂದರೆ ನಡು ವಿಯೆಟ್ನಾಂನಲ್ಲಿ ಜೋರು ಮಳೆ. ಹೋಯ್ ಆನ್ ಪೇಟೆಯೊಳಗೆ ನೀರು ನುಗ್ಗಿ ಬೀದಿಯಲ್ಲೇ ದೋಣಿ ಓಡಾಡುವುದು ಅಲ್ಲಿನವರಿಗೆ ಹೊಸದಲ್ಲ. ಅದೇ ಸಮಯಕ್ಕೆ ಉತ್ತರದಲ್ಲಿ, ಹನೋಯ್ ಕಡೆ, ಹವೆ ಚೆನ್ನಾಗಿರುತ್ತದೆ. ಹಾಗಾಗಿ ನಾನು ಮೇಷ್ಟ್ರಿಗೆ ಹೇಳಿದ್ದನ್ನು ನೀವು ಮರೆತು ಹನೋಯ್, ನಿನ್ ಬಿನ್, ಹಾ ಲಾಂಗ್ ಇಷ್ಟಕ್ಕೆ ನಿಲ್ಲಿಸಿ. ನಿನ್ ಬಿನ್‌ನಲ್ಲಿ ಕಾಲಿನಿಂದಲೇ ಹುಟ್ಟು ಹಾಕುವ ಅಂಬಿಗರನ್ನು ನೋಡಿ ಮಕ್ಕಳು ಮನೆಗೆ ಬಂದು ಸೋಫಾ ಮೇಲೆ ಅದನ್ನೇ ಮಾಡುತ್ತಾರೆ. ಹನೋಯ್‌ನಲ್ಲಿ ನೀರಿನ ಮೇಲೆ ಆಡಿಸುವ ಬೊಂಬೆಯಾಟ ತಪ್ಪಿಸಬೇಡಿ. ಬಿರುಗಾಳಿ ಸೂಚನೆ ಬಂದರೆ ಹಾ ಲಾಂಗ್ ಕೊಲ್ಲಿಯ ದೋಣಿಗಳನ್ನು ನಿಲ್ಲಿಸುತ್ತಾರೆ, ಅದಕ್ಕೇ ಒಂದು ದಿನ ಖಾಲಿ ಇಟ್ಟುಕೊಳ್ಳಿ.

ರಸ್ತೆ ದಾಟುವುದು ಮಾತ್ರ ಕಲಿಯಬೇಕು. ಪಿ.ಬಿ. ರಸ್ತೆಯಲ್ಲಿ ನಾವು ನಿಂತು, ಓಡಿ, ಮತ್ತೆ ನಿಂತು ದಾಟುತ್ತೇವಲ್ಲ, ಹನೋಯ್‌ನಲ್ಲಿ ಹಾಗೆ ಮಾಡಿದರೆ ಸ್ಕೂಟರಿನವನಿಗೆ ಗಲಿಬಿಲಿ. ಮಕ್ಕಳ ಕೈ ಹಿಡಿದು ನಿಧಾನಕ್ಕೆ, ಒಂದೇ ನಡಿಗೆಯಲ್ಲಿ ಹೋಗುತ್ತಿರಿ, ಅವರೇ ಸುತ್ತು ಹಾಕಿ ಹೋಗುತ್ತಾರೆ. ಗಾಡಿಗಳು ಓಡುವುದು ಬಲಗಡೆ. ಮೊದಲು ಎಡಕ್ಕೆ ನೋಡಿ.

ಪ್ರಶ್ನೆ: ವೀಸಾಕ್ಕೆ ಏಜೆಂಟ್ ಒಬ್ಬರಿಗೆ 6,500 ರೂಪಾಯಿ ಕೇಳುತ್ತಿದ್ದಾರೆ. ಸರಿಯಾ?
— ಗೃಹಿಣಿ, ಚಿತ್ರದುರ್ಗ

ಜಾಸ್ತಿ ಆಯಿತು. ಇ-ವೀಸಾಕ್ಕೆ ಸರ್ಕಾರದ ಶುಲ್ಕ ಒಂದು ಸಲದ ಪ್ರವೇಶಕ್ಕೆ 25 ಡಾಲರ್, ಹಲವು ಸಲಕ್ಕೆ 50. 2023ರ ಆಗಸ್ಟ್‌ನಿಂದ 90 ದಿನದವರೆಗೂ ಕೊಡುತ್ತಾರೆ. ಮನೆಯಲ್ಲೇ ಕೂತು ಅರ್ಜಿ ಹಾಕಬಹುದು, ಪಾಸ್‌ಪೋರ್ಟಿನ ಫೋಟೊ ಪುಟ, ನಿಮ್ಮದೊಂದು ಫೋಟೊ ಸಾಕು. ವಿಳಾಸದ ಕೊನೆಗೆ ‘ಜಿಒವಿ ಡಾಟ್ ವಿಎನ್’ ಇದೆಯಾ ನೋಡಿ, ಅದೇ ಬಣ್ಣ ಅದೇ ಬಾವುಟ ಹಾಕಿಕೊಂಡ ಖಾಸಗಿಯವರ ಪುಟಗಳು ಬಹಳ ಇವೆ. ಹೊರಡುವ ಮೂರು ವಾರ ಮೊದಲೇ ಹಾಕಿ. ಹೆಸರು, ನಂಬರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇರಬೇಕು. ನಾನು ನಮ್ಮ ಮನೆಯವರ ಪಾಸ್‌ಪೋರ್ಟ್ ನಂಬರಿನಲ್ಲಿ ಒಂದು ಅಂಕಿ ತಪ್ಪಿಸಿ ಎರಡನೇ ಸಲ ದುಡ್ಡು ಕಟ್ಟಿದೆ. ಕಟ್ಟಿದ ಶುಲ್ಕ ವಾಪಸ್ ಬರುವುದಿಲ್ಲ.

ಪ್ರಶ್ನೆ: ಅಲ್ಲಿ ದುಡ್ಡು ಲಕ್ಷಗಟ್ಟಲೆ ಅಂತಾರೆ, ನಿಜವೇ? ಫೋನ್‌ಪೇ ನಡೆಯುತ್ತಾ?
— ಕಿರಾಣಿ ಅಂಗಡಿಯವರು, ದಾವಣಗೆರೆ

ನಡೆಯುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಡಾಲರ್ ಒಯ್ದು ಅಲ್ಲಿ ಬದಲಾಯಿಸಿ. ನೋಟು ಗರಿಗರಿಯಾಗಿರಲಿ, ಹರಿದಿದ್ದನ್ನು ಮೂಸಿಯೂ ನೋಡುವುದಿಲ್ಲ. ಒಂದು ರೂಪಾಯಿಗೆ ಸುಮಾರು 300 ಡಾಂಗ್ ಅಂತ ಇಟ್ಟುಕೊಳ್ಳಿ. ಗಲ್ಲಾಪೆಟ್ಟಿಗೆ ಮೇಲೆ ಕೂರುವವರು ನೀವು, ಲೆಕ್ಕ ಸುಲಭ: ಮೂರು ಸೊನ್ನೆ ಕಿತ್ತುಹಾಕಿ, ಮೂರರಿಂದ ಗುಣಿಸಿ, ಮೇಲೆ ಒಂಚೂರು ಸೇರಿಸಿ. ಲಕ್ಷ ಡಾಂಗ್ ಅಂದರೆ ಮುನ್ನೂರ ಮೂವತ್ತರ ಹತ್ತಿರ.

ಮೋಸ ಹೋಗುವುದು 20,000 ಮತ್ತು 5,00,000ದ ನೋಟಿನಲ್ಲಿ. ಎರಡೂ ನೀಲಿ, ಎರಡರ ಮೇಲೂ ಅವರ ನಾಯಕ ಹೋ ಚಿ ಮಿನ್ ಚಿತ್ರ. ಹೋಯ್ ಆನ್ ನದಿ ದಂಡೆಯಲ್ಲಿ ಕಾಗದದ ದೀಪ ಕೊಂಡು ನಾನು ಇಪ್ಪತ್ತು ಸಾವಿರದ ಬದಲು ಐದು ಲಕ್ಷ ಕೊಟ್ಟು ಹೊರಟಿದ್ದೆ. ಆ ಅಜ್ಜಿ ಹಿಂದೆಯೇ ಬಂದು ಸೆರಗು ಜಗ್ಗಿದಳು. ನನ್ನ ಕೈಯಲ್ಲಿದ್ದ ಸಣ್ಣ ನೋಟು ತಿರುಗಿಸಿ ಅದರ ಹಿಂದಿನ ಚಿತ್ರಕ್ಕೆ ಬೆರಳಿಟ್ಟಳು, ಆಮೇಲೆ ಆ ಬೆರಳನ್ನೇ ಬೀದಿ ಕೊನೆಯ ಹಳೇ ಸೇತುವೆ ಕಡೆಗೆ ತೋರಿಸಿದಳು. 20,000ದ ನೋಟಿನ ಮೇಲೆ ಇರುವುದು ಹೋಯ್ ಆನ್‌ನ ಅದೇ ಜಪಾನಿ ಸೇತುವೆ! ನೀವೂ ಸೇತುವೆ ನೋಡಿ ಕೊಡಿ.

ಪ್ರಶ್ನೆ: ಅಕ್ಕ, ನಾವು ನಾಲ್ಕು ಜನ ಫ್ರೆಂಡ್ಸ್. ಹಾ ಜಾಂಗ್ ಗುಡ್ಡದಲ್ಲಿ ಬೈಕ್ ಬಾಡಿಗೆಗೆ ತಗೊಂಡು ಓಡಿಸಬೇಕು ಅಂತ ಆಸೆ.
— ವಿದ್ಯಾರ್ಥಿ, ಚಿತ್ರದುರ್ಗ

ತಮ್ಮಾ, ಜೋಗಿಮಟ್ಟಿ ಏರಿಳಿದ ಧೈರ್ಯ ಅಲ್ಲಿ ಸಾಲದು. ನಮ್ಮ ಲೈಸೆನ್ಸ್ ಅಲ್ಲಿ ನಡೆಯುವುದಿಲ್ಲ, ಲೈಸೆನ್ಸ್ ಇಲ್ಲದೆ ಬಿದ್ದರೆ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ. ಬಾಡಿಗೆ ಕೊಡುವವನು ಏನೂ ಕೇಳದೆ ಕೊಡುತ್ತಾನೆ, ಅದೇ ಅಪಾಯ. ಅಲ್ಲಿನ ಹುಡುಗರೇ ಓಡಿಸುತ್ತಾರೆ, ಹಿಂದೆ ಕೂತು ನೋಡಿಕೊಂಡು ಹೋಗಬಹುದು. ಬೈಕ್ ಹಿಡಿದವನಿಗೆ ರಸ್ತೆ ಬಿಟ್ಟು ಏನೂ ಕಾಣುವುದಿಲ್ಲ, ಅಲ್ವಾ?

ಪ್ರಶ್ನೆ: ನನ್ನ ಪಾಸ್‌ಪೋರ್ಟ್‌ಗೆ ಇನ್ನು ಐದು ತಿಂಗಳು ಇದೆ. ವಿಮಾನ ನಿಲ್ದಾಣಕ್ಕೆ ಬೆಂಗಳೂರು ಊರೊಳಗೆ ಹೋಗಲೇಬೇಕಾ?
— ನರ್ಸ್, ದಾವಣಗೆರೆ

ಮೊದಲು ನವೀಕರಣ ಮಾಡಿಸಿ. ಕನಿಷ್ಠ ಆರು ತಿಂಗಳು ಬಾಕಿ ಇರಬೇಕು, ಇಲ್ಲದಿದ್ದರೆ ಬೆಂಗಳೂರಿನಲ್ಲೇ ವಾಪಸ್ ಕಳಿಸುತ್ತಾರೆ. ಊರೊಳಗೆ ಹೋಗಬೇಕಿಲ್ಲ. ತುಮಕೂರು ದಾಟಿ ಡಾಬಸ್‌ಪೇಟೆಯಲ್ಲಿ ತಿರುಗಿದರೆ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ. ವಿಮಾನಕ್ಕೆ ಮೂರು ಗಂಟೆ ಮೊದಲು ಅಲ್ಲಿರಬೇಕು, ಪವರ್ ಬ್ಯಾಂಕ್ ಇದ್ದರೆ ಕೈಚೀಲದಲ್ಲೇ ಇಟ್ಟುಕೊಳ್ಳಿ, ಚೆಕ್-ಇನ್ ಬ್ಯಾಗಿನಲ್ಲಿ ಹಾಕಿದರೆ ಅಷ್ಟೂ ಬಟ್ಟೆ ಹೊರಗೆ ತೆಗೆಸುತ್ತಾರೆ.