ಮೊದಲು ಮೂವತ್ತು ಸೀರೆ, ಆಮೇಲೆ ಆ್ಯಪ್

ಈ ಸಲ ಮೂರು ಪತ್ರ. ಎರಡರಲ್ಲಿ ಆ್ಯಪ್‌ನದ್ದೇ ಮಾತು, ಮೂರನೆಯದರಲ್ಲಿ ಐಡಿಯಾ ಕದ್ದುಬಿಡುತ್ತಾರೆ ಅನ್ನುವ ಭಯ. ಮೊದಲನೆಯದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಯಾಕೆ ಅಂದರೆ ಬರೆದವರು ಕನಸಿನ ಜೊತೆ ಲೆಕ್ಕವನ್ನೂ ಕಳಿಸಿದ್ದಾರೆ.

ಪ್ರಶ್ನೆ: ನಾನು ವಿಜಯನಗರದಲ್ಲಿ ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುತ್ತೇನೆ. ಹನ್ನೊಂದು ವರ್ಷವಾಯಿತು. ಅಕ್ಕಪಕ್ಕದ ಮೂವರು ಜೊತೆಗಿದ್ದಾರೆ, ಅವರಲ್ಲೊಬ್ಬರು ಫಾಲ್, ಜಿಗ್‌ಜಾಗ್ ಮಾಡುತ್ತಾರೆ. ಫಾಲ್, ಜಿಗ್‌ಜಾಗ್‌ಗೆ 120 ರೂಪಾಯಿ ತೆಗೆದುಕೊಳ್ಳುತ್ತೇವೆ. ಅದರಲ್ಲಿ ಹೊಲಿದವರಿಗೆ 60, ಫಾಲ್ ಬಟ್ಟೆ ಮತ್ತು ದಾರಕ್ಕೆ 30 ಹೋಗುತ್ತದೆ. ಸಾದಾ ಕುಚ್ಚು 350ರಿಂದ ಶುರು. ಮನೆಗೇ ಹೋಗಿ ಸೀರೆ ತಂದು, ಕೆಲಸ ಮುಗಿಸಿ, ನಾಲ್ಕು ದಿನದಲ್ಲಿ ವಾಪಸ್ ಮುಟ್ಟಿಸುವ ಆ್ಯಪ್ ಮಾಡಬೇಕೆಂದು ಆಸೆ. ಒಂದು ಸಾಫ್ಟ್‌ವೇರ್ ಕಂಪನಿಯವರು ನಾಲ್ಕೂವರೆ ಲಕ್ಷ ಕೇಳಿದರು. ನನ್ನ ಹತ್ತಿರ ಚೀಟಿ ಎತ್ತಿದ ಒಂದು ಲಕ್ಷ ಇದೆ. ಕೋಡಿಂಗ್ ಬರುವುದಿಲ್ಲ. ಕೇಳಿದವರೆಲ್ಲ 'ಸೂಪರ್ ಐಡಿಯಾ' ಅನ್ನುತ್ತಾರೆ. ಜನ ನಿಜವಾಗಿ ಬಳಸುತ್ತಾರಾ ಅಂತ ಮೊದಲೇ ತಿಳಿಯುವುದು ಹೇಗೆ?
(ಕುಚ್ಚು ಕಟ್ಟುವವರು, ವಿಜಯನಗರ)

ಉತ್ತರ: ಚೀಟಿ ದುಡ್ಡು ಸದ್ಯಕ್ಕೆ ಬ್ಯಾಂಕಿನಲ್ಲೇ ಇರಲಿ ತಾಯಿ. ನಿಮ್ಮ ಪ್ರಶ್ನೆಗೆ ಉತ್ತರ ಸಿಗಲು ಮೂರು ವಾರ ಮತ್ತು ಆಟೋ ಖರ್ಚು ಸಾಕು.

ಆ 'ಸೂಪರ್ ಐಡಿಯಾ' ನನಗೆ ಹಳೇ ಪರಿಚಯ. 2016ರಲ್ಲಿ ನನಗೆ ಹನುಮಂತನಗರದಲ್ಲಿ ಪುಸ್ತಕ, ಸ್ಟೇಷನರಿ ಅಂಗಡಿ ಇತ್ತು. ಮೇ ಕೊನೆಯಿಂದ ಜೂನ್ ಅರ್ಧದವರೆಗೆ ಒಳಗೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಅಪ್ಪ ಅಮ್ಮಂದಿರು ಶಾಲೆಯ ಪುಸ್ತಕದ ಪಟ್ಟಿಯನ್ನು ಆ್ಯಪ್‌ನಲ್ಲಿ ಟಿಕ್ ಮಾಡುವುದು, ನಾವು ಬೈಂಡ್ ಹಾಕಿ, ಲೇಬಲ್ ಅಂಟಿಸಿ ಮನೆಗೆ ಕಳಿಸುವುದು ಅಂತ ನನ್ನ ಯೋಚನೆ. ಅಂಗಡಿಗೆ ಬಂದವರನ್ನೆಲ್ಲ ಕೇಳಿದೆ. 'ಮಾಡಿ ಸಾರ್, ತುಂಬಾ ಅನುಕೂಲ ಆಗುತ್ತೆ' ಅಂದರು. ಅರ್ಧ ಗಂಟೆಯಿಂದ ಕ್ಯೂನಲ್ಲಿ ನಿಂತವರು ಇನ್ನೇನು ಹೇಳುತ್ತಾರೆ?

2,80,000 ರೂಪಾಯಿ ಕೊಟ್ಟೆ. ಆ್ಯಪ್ ಕೈಗೆ ಬಂದಿದ್ದು ಜುಲೈನಲ್ಲಿ, ಶಾಲೆ ಶುರುವಾದ ಮೇಲೆ. ಮುಂದಿನ ಜೂನ್‌ವರೆಗೆ ಕಾದೆ. ಆಗ ಬಂದ ಆರ್ಡರ್ 9. ಅದರಲ್ಲಿ 4 ನನ್ನ ನೆಂಟರದ್ದು. ಅದೇ ತಿಂಗಳು ನನ್ನ ವಾಟ್ಸಾಪ್‌ಗೆ ಬಂದ ಪುಸ್ತಕದ ಪಟ್ಟಿಗಳ ಫೋಟೋ ನೂರಕ್ಕೂ ಮೇಲೆ! ಫೋಟೋದ ಮೂಲೆಯಲ್ಲಿ ಯಾರದ್ದೋ ಹೆಬ್ಬೆರಳು. ಕೆಳಗೆ 'ಅಂಕಲ್, ರೆಡಿ ಮಾಡಿಡಿ, ಸಂಜೆ ಬರ್ತೀನಿ' ಅಂತ ಒಂದು ಸಾಲು. ಜನ ಆಗಲೇ ತಮ್ಮ ದಾರಿ ಹುಡುಕಿಕೊಂಡಿದ್ದರು. ಹಿಂದಿನ ವರ್ಷವೂ ಹಾಗೇ ಕಳಿಸಿದ್ದರು. ಪಟ್ಟಿ ನೋಡಿ ಪುಸ್ತಕ ಎತ್ತಿಟ್ಟವನು ನಾನೇ, ಆದರೂ ನನಗೆ ಹೊಳೆದಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಹಾಗಾಯಿತು. ಆ್ಯಪ್ ಮಾಡಿಕೊಟ್ಟವರು ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು, ಅದು ಬೇರೆ ಕಥೆ.

ಅದಕ್ಕೇ ಹೇಳುತ್ತೇನೆ, 'ಇಂಥ ಆ್ಯಪ್ ಬಂದರೆ ಬಳಸ್ತೀರಾ?' ಅಂತ ಇನ್ನು ಯಾರನ್ನೂ ಕೇಳಬೇಡಿ. 'ಹೋದ ಸಲ ಕುಚ್ಚು ಎಲ್ಲಿ ಕಟ್ಟಿಸಿದಿರಿ? ಕೊಡೋಕೆ, ತರೋಕೆ ಎಷ್ಟು ಸಲ ಓಡಾಡಿದಿರಿ? ಹೇಳಿದ ದಿನಕ್ಕೆ ಕೊಟ್ಟರಾ? ಎಷ್ಟಾಯಿತು?' ಅಂತ ಕೇಳಿ. ಹನ್ನೆರಡು ಜನ ಸಾಕು, ಆದರೆ ನೆಂಟರು ಬೇಡ. 'ಪಕ್ಕದ ರಸ್ತೆಯ ಆಂಟಿ ಮಾಡ್ತಾರೆ, ವಾಕಿಂಗ್ ಹೋದಾಗ ಕೊಟ್ಟು ಬರ್ತೀನಿ' ಅಂತ ಎಂಟು ಜನ ಹೇಳಿದರೆ, ಅವರಿಗೆ ಓಡಾಟ ಒಂದು ಕಷ್ಟವೇ ಅಲ್ಲ ಅಂತ ಆಯಿತು. 'ಮೂರು ಸಲ ಹೋದೆ, ಮೂರು ಸಲವೂ ನಾಳೆ ಬನ್ನಿ ಅಂದರು' ಅಂತ ಒಬ್ಬರು ಸಿಟ್ಟಿನಲ್ಲಿ ಹೇಳಿದರೆ, ಅವರ ನಂಬರ್ ಬರೆದಿಟ್ಟುಕೊಳ್ಳಿ.

ಆಮೇಲೆ ಕೆಲಸ ಶುರು ಮಾಡಿ. ಆ್ಯಪ್ ಮಾಡಬೇಕಾದ್ದನ್ನೆಲ್ಲ ನೀವೇ ಕೈಯಾರೆ ಮಾಡಬೇಕು. ಹೊಸ ಸಿಮ್ ತೆಗೆದುಕೊಂಡು ವಾಟ್ಸಾಪ್ ಬಿಸಿನೆಸ್ ಹಾಕಿ, ಅದಕ್ಕೆ ದುಡ್ಡಿಲ್ಲ. ಅದರ ಕ್ಯಾಟಲಾಗ್‌ನಲ್ಲಿ ಆರು ಫೋಟೋ ಇರಲಿ: ಸಾದಾ ಕುಚ್ಚು, ಮಣಿ ಕುಚ್ಚು, ಕ್ರೋಶಾ ಕುಚ್ಚು, ಹೀಗೆ, ಪ್ರತಿಯೊಂದಕ್ಕೂ ರೇಟ್ ಹಾಕಿ. ಒಂದು ಯುಪಿಐ ಕ್ಯೂಆರ್ ಕೋಡ್. ಇಷ್ಟೇ ನಿಮ್ಮ ಆ್ಯಪ್. ಒಂದೇ ಮೆಸೇಜನ್ನು ಒಟ್ಟಿಗೆ ಎಷ್ಟೋ ಜನರಿಗೆ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ಹೋಗುತ್ತದೆ. ಇದೂ ಒಂದು ಪರೀಕ್ಷೆಯೇ. 'ಸೂಪರ್ ಐಡಿಯಾ' ಅಂದವರಲ್ಲಿ ಎಷ್ಟು ಜನ ನಂಬರ್ ಸೇವ್ ಮಾಡಿಕೊಂಡರು ನೋಡಿ.

ಸೀರೆ ತರುವಾಗಲೇ 100 ರೂಪಾಯಿ ಅಡ್ವಾನ್ಸ್ ತೆಗೆದುಕೊಳ್ಳಿ. ಇದರಲ್ಲಿ ಸಂಕೋಚ ಬೇಡ. ನಿಮ್ಮದರಲ್ಲಿ ದುಡ್ಡಿಗಿಂತ ದೊಡ್ಡ ವಿಷಯ ಇನ್ನೊಂದಿದೆ: ರೇಷ್ಮೆ ಸೀರೆಯನ್ನು ಪರಿಚಯ ಇಲ್ಲದವರ ಕೈಗೆ ಕೊಡುವುದು. ಬಾಗಿಲಲ್ಲಿ ನಿಂತು 'ಯಾವ ಮನೆ ನಿಮ್ಮದು? ಕಲೆ ಆದರೆ ಯಾರು ಜವಾಬ್ದಾರಿ?' ಅಂತ ಕೇಳುತ್ತಾರಲ್ಲ, ಅದನ್ನು ಅವರ ಮಾತಿನಲ್ಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಸೀರೆ ಬಂದ ದಿನ, ಹೋದ ದಿನ, ಯಾರು ಹೇಳಿ ಬಂದರು, ಏನು ಎಡವಟ್ಟಾಯಿತು, ಎಲ್ಲ ಒಂದೇ ಸಾಲಿನಲ್ಲಿ ಇರಲಿ. ಒಂದು ಎಡವಟ್ಟು ಈಗಲೇ ಹೇಳಬಲ್ಲೆ. ಫೋಟೋ ನೋಡಿ ದಾರದ ಬಣ್ಣ ಆರಿಸಿದರೆ ಕೆಡುತ್ತದೆ. ಟ್ಯೂಬ್‌ಲೈಟ್ ಕೆಳಗೆ ತೆಗೆದ ಫೋಟೋದಲ್ಲಿ ರಾಮಾ ಗ್ರೀನ್ ನೀಲಿಯಾಗಿ ಕಾಣಬಹುದು. ನಿಮ್ಮ ದಾರದ ಡಬ್ಬ ತೆಗೆದುಕೊಂಡು ಹೋಗಿ ಸೆರಗಿನ ಮೇಲೆ ಇಟ್ಟು ತೋರಿಸಲೇಬೇಕಾಗುತ್ತೆ. ನಾಲ್ಕೂವರೆ ಲಕ್ಷ ಕೇಳಿದವರಿಗೆ ಈ ವಿಷಯ ಹೇಗೆ ಗೊತ್ತಿರಬೇಕು?

ಈಗ ನಿಮ್ಮದೇ ಲೆಕ್ಕಕ್ಕೆ ಬರೋಣ. 120ರಲ್ಲಿ 60 ಮತ್ತು 30 ಹೋದರೆ ಉಳಿಯುವುದು 30 ರೂಪಾಯಿ. ಬೆಂಗಳೂರಿನಲ್ಲಿ 2025ರ ಆಗಸ್ಟ್‌ನಿಂದ ಆಟೋ ಮಿನಿಮಮ್ಮೇ 36 ರೂಪಾಯಿ, ಅದೂ ಮೊದಲ ಎರಡು ಕಿಲೋಮೀಟರ್‌ಗೆ, ಅದೂ ಮೀಟರ್ ಹಾಕಿದರೆ. ಹೋಗಿ ಬರಲು 72. ಸೀರೆ ತರಲು ಒಂದು ಸಲ, ಕೊಡಲು ಇನ್ನೊಂದು ಸಲ, ಒಟ್ಟು 144. ಒಂದು ಸೀರೆ ಫಾಲ್‌ಗೆ 114 ರೂಪಾಯಿ ಕೈಯಿಂದ ಹಾಕಬೇಕು. ಆ್ಯಪ್ ಎಷ್ಟು ಚೆನ್ನಾಗಿದ್ದರೂ ಈ ಲೆಕ್ಕ ಬದಲಾಗಲ್ಲ. ಆರ್ಡರ್ ಜಾಸ್ತಿ ಆದಷ್ಟೂ ನಷ್ಟವೇ ಜಾಸ್ತಿ.

ಆದರೆ ಅತ್ತಿಗುಪ್ಪೆ ಕಡೆ ಒಂದೇ ಅಪಾರ್ಟ್‌ಮೆಂಟ್‌ನಲ್ಲಿ ಶನಿವಾರ ಬೆಳಿಗ್ಗೆ ಎಂಟು ಸೀರೆ ಸಿಕ್ಕರೆ? ಅದೇ 144 ಎಂಟಕ್ಕೆ ಹಂಚಿದರೆ ಸೀರೆಗೆ 18. ಫಾಲ್‌ನಲ್ಲೂ 12 ರೂಪಾಯಿ ಉಳಿಯುತ್ತದೆ, ಕುಚ್ಚು ಸೇರಿದರೆ ಇನ್ನೂ ಚೆನ್ನಾಗಿ. ಅದಕ್ಕೆ ಎರಡು ವಾರ ಮನೆಮನೆಗೆ ಹೋಗಿ, ಮೂರನೇ ವಾರ ಕೆಳಗೆ ಲಾಬಿಯಲ್ಲಿ ಒಂದು ಟೇಬಲ್ ಹಾಕಿ ಕೂತು ನೋಡಿ. ಅಸೋಸಿಯೇಷನ್‌ನವರ ಹತ್ತಿರ ಮೊದಲೇ ಮಾತಾಡಿ, ಇಲ್ಲದಿದ್ದರೆ ಸೆಕ್ಯೂರಿಟಿಯವರು ಒಳಗೆ ಬಿಡಲ್ಲ. ನನ್ನ ಅನುಮಾನ ಏನೆಂದರೆ, ನಿಮ್ಮ ವ್ಯಾಪಾರ ಇರುವುದು ಆ ಟೇಬಲ್‌ನಲ್ಲಿ. ತಪ್ಪಿದ್ದರೂ ಇರಬಹುದು, ನಿಮ್ಮ ನೋಟ್‌ಬುಕ್ಕು ಹೇಳಲಿ.

ಯಾವ ತಿಂಗಳಲ್ಲಿ ಮಾಡುತ್ತೀರಿ ಅನ್ನುವುದೂ ಮುಖ್ಯ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಎರಡು ವಾರ ಶುರು ಮಾಡಿದರೆ ಇಡೀ ಊರೇ ನಿಮ್ಮ ಗಿರಾಕಿ ಅನ್ನಿಸಿಬಿಡುತ್ತದೆ. ಆಷಾಢದಲ್ಲಿ ಮಾಡಿದರೆ ಮದುವೆ ಇಲ್ಲ, ಸೀರೆ ಇಲ್ಲ, ಐಡಿಯಾನೇ ಕೆಟ್ಟದ್ದು ಅನ್ನಿಸುತ್ತದೆ. ಹಬ್ಬ, ಮದುವೆ ಎರಡರ ಭರಾಟೆಯೂ ಇಲ್ಲದ ಮಾಮೂಲಿ ಮೂರು ವಾರ ನೋಡಿಕೊಳ್ಳಿ.

ಶುರು ಮಾಡುವ ಮುಂಚೆ ಅಡುಗೆಮನೆ ಕ್ಯಾಲೆಂಡರ್ ಮೇಲೆ ಪೆನ್ನಿನಲ್ಲಿ ಬರೆದುಬಿಡಿ: 'ಮೂರು ವಾರ, 30 ಸೀರೆ, 10 ಪರಿಚಯ ಇಲ್ಲದವರಿಂದ, 5 ಎರಡನೇ ಸಲ ಕೊಟ್ಟವರಿಂದ.' ಪೆನ್ಸಿಲ್ ಬೇಡ. ನಾನು 9 ಆರ್ಡರ್ ಬಂದಾಗ 'ಮೊದಲ ವರ್ಷಕ್ಕೆ ಪರವಾಗಿಲ್ಲ' ಅಂದುಕೊಂಡು ಇನ್ನೊಂದು ವರ್ಷ ಆ್ಯಪ್ ನಡೆಸುವ ಕಂಪ್ಯೂಟರ್‌ಗೆ, ಅಂದರೆ ಸರ್ವರ್‌ಗೆ, ಬಾಡಿಗೆ ಕಟ್ಟಿದವನು.

ಜೊತೆಯವರನ್ನೂ ಇದೇ ಪರೀಕ್ಷೆಗೆ ಒಡ್ಡಿ. ನಾಲ್ಕು ದಿನ ಅಂತ ಮಾತು ಕೊಡುವವರು ನೀವು, ಕುಚ್ಚು ಕಟ್ಟುವ ಕೈ ಅವರದ್ದೂ ಹೌದು. ಮಗುವಿಗೆ ಪರೀಕ್ಷೆ, ಮನೆಗೆ ನೆಂಟರು, ಫಾಲ್ ನೆನೆಸಿ ಒಣಗಿಸಬೇಕು ಅನ್ನುವಾಗ ಮಳೆ. ಹತ್ತು ಸೀರೆ ಒಟ್ಟಿಗೆ ಬಂದ ದಿನ ಏನಾಗುತ್ತೆ ನೋಡಿ. ಗಿರಾಕಿ ಸಿಕ್ಕಿಯೂ ಕೆಲಸದವರು ಸಾಲದೆ ನಿಂತುಹೋಗುವ ವ್ಯಾಪಾರಗಳಿವೆ.

ಹೀಗೆ ಕೈಯಲ್ಲಿ ಮಾಡುವುದು ಸಣ್ಣತನ ಅಂತ ಅನ್ನಿಸಿದರೆ ಒಂದೆರಡು ಹೆಸರು ಹೇಳುತ್ತೇನೆ. ಮನೆಗೆ ಸಾಮಾನು ಮುಟ್ಟಿಸುತ್ತಿದ್ದ ನಮ್ಮ ಬೆಂಗಳೂರಿನ ಡನ್ಜೋ ಕಂಪನಿ ಶುರುವಾಗಿದ್ದೇ ವಾಟ್ಸಾಪ್‌ನಲ್ಲಿ. ಜನ ಮೆಸೇಜ್ ಮಾಡುತ್ತಿದ್ದರು, ಇವರು ಆ ಕೆಲಸ ಮಾಡಿಸಿಕೊಡುತ್ತಿದ್ದರು. ಆ್ಯಪ್ ಆಮೇಲೆ ಬಂತು. (ಕೊನೆಗೆ ಅದು ದುಡ್ಡಿನ ತಾಪತ್ರಯಕ್ಕೆ ಸಿಕ್ಕಿತು ನಿಜ, ಮನೆಗೆ ಮುಟ್ಟಿಸುವ ಖರ್ಚಿನ ಬಗ್ಗೆ ಅಷ್ಟು ಬರೆದದ್ದು ಅದಕ್ಕೂ ಸೇರಿ.) ಅಮೆರಿಕದಲ್ಲಿ 1999ರಲ್ಲಿ ನಿಕ್ ಸ್ವಿನ್‌ಮರ್ನ್ ಅನ್ನುವವರು ಚಪ್ಪಲಿ ಅಂಗಡಿಗೆ ಹೋಗಿ ಶೂಗಳ ಫೋಟೋ ತೆಗೆದು ವೆಬ್‌ಸೈಟ್‌ನಲ್ಲಿ ಹಾಕಿದರು. ಯಾರಾದರೂ ಆರ್ಡರ್ ಮಾಡಿದರೆ ಅದೇ ಅಂಗಡಿಗೆ ಹೋಗಿ ಪೂರ್ತಿ ಬೆಲೆ ಕೊಟ್ಟು ತಂದು ಕಳಿಸುತ್ತಿದ್ದರು. ಕಾಲಿಗೆ ಹಾಕಿ ನೋಡದೆ ಜನ ಶೂ ಕೊಳ್ಳುತ್ತಾರಾ ಅನ್ನುವುದಷ್ಟೇ ಅವರಿಗೆ ಬೇಕಿದ್ದ ಉತ್ತರ. ಅದೇ ಜಾಪೋಸ್ ಕಂಪನಿ. 2009ರಲ್ಲಿ ಅಮೆಜಾನ್ ಅದನ್ನು ಕೊಂಡುಕೊಂಡಿತು.

ಮೂರು ವಾರ ಆದ ಮೇಲೆ ನೋಟ್‌ಬುಕ್ಕಿನ ಪುಟಗಳ ಫೋಟೋ ಕಳಿಸಿ. ಗಿರಾಕಿಗಳ ಹೆಸರು, ಮನೆ ನಂಬರ್ ಮೇಲೆ ಮಾತ್ರ ಒಂದು ಕಾಗದ ಮುಚ್ಚಿ.

ಪ್ರಶ್ನೆ: ನಾನು ಯಲಹಂಕದಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದೇನೆ. ಈಗ ಎಐಗೆ ಹೇಳಿದರೆ ಅದೇ ಆ್ಯಪ್ ಬರೆದುಕೊಡುತ್ತದಲ್ಲ? ಹಾಗಿದ್ದ ಮೇಲೆ ಜನ ಬಳಸುತ್ತಾರಾ ಅಂತ ಮೊದಲೇ ಪರೀಕ್ಷೆ ಗಿರೀಕ್ಷೆ ಯಾಕೆ, ನೇರವಾಗಿ ಮಾಡಿ ಪ್ಲೇ ಸ್ಟೋರ್‌ಗೆ ಹಾಕಿದರೆ ಆಗಲ್ವಾ?

ಉತ್ತರ: ಬರೆದುಕೊಡುತ್ತೆ ಕಣಪ್ಪಾ. ಎಐ ಬೇಡ ಅನ್ನಿಸಿದರೂ ಗ್ಲೈಡ್, ಆ್ಯಪ್‌ಶೀಟ್ ಥರದವು ಇವೆ. ಗೂಗಲ್ ಶೀಟ್‌ನಲ್ಲಿ ಪಟ್ಟಿ ಇದ್ದರೆ ಅದನ್ನೇ ಆ್ಯಪ್ ಥರ ತೋರಿಸುತ್ತವೆ. ಮಾಡುವುದು ಅಗ್ಗವಾಗಿದೆ ಅಂದರೆ ಯಾರಿಗೂ ಬೇಡದ್ದನ್ನು ಮಾಡುವುದೂ ಅಗ್ಗವಾಗಿದೆ ಅಂತ, ಅಲ್ವಾ?

ಪ್ಲೇ ಸ್ಟೋರ್ ಅಷ್ಟು ಸಲೀಸಲ್ಲ. ಆ್ಯಪ್ ಹಾಕಲು ಬೇಕಾದ ಡೆವಲಪರ್ ಅಕೌಂಟ್‌ಗೆ ಒಂದು ಸಲ 25 ಡಾಲರ್ ಕಟ್ಟಬೇಕು. 2023ರ ನವೆಂಬರ್ 13ರ ನಂತರ ಸ್ವಂತ ಹೆಸರಿನಲ್ಲಿ ತೆರೆದ ಅಕೌಂಟ್ ಆದರೆ, ಕನಿಷ್ಠ 12 ಜನ ಸತತ 14 ದಿನ ಟೆಸ್ಟರ್, ಅಂದರೆ ಆ್ಯಪ್ ಪರೀಕ್ಷಿಸುವವರಾಗಿ, ಸೇರಿಕೊಂಡಿರಬೇಕು, ಆಮೇಲೇ ಎಲ್ಲರಿಗೂ ಬಿಡಲು ಅರ್ಜಿ. ಮೊದಲು 20 ಜನ ಬೇಕಿತ್ತು, 2024ರ ಡಿಸೆಂಬರ್‌ನಲ್ಲಿ ಕಡಿಮೆ ಮಾಡಿದರು. ಹನ್ನೆರಡು ಜನ ಎರಡು ವಾರ ಜೊತೆಗಿರಲು ಸಿಗದಿದ್ದರೆ ಆ ಆ್ಯಪ್ ಬಗ್ಗೆ ಗೂಗಲ್ಲೇ ನಿಮಗೆ ಏನೋ ಹೇಳುತ್ತಿದೆ.

ಅದಕ್ಕಿಂತ ಮುಂಚೆ ಫಿಗ್ಮಾ ಅನ್ನುವ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ನಾಲ್ಕು ಸ್ಕ್ರೀನ್ ಬಿಡಿಸಿ, ಒತ್ತಿದರೆ ಮುಂದಕ್ಕೆ ಹೋಗುವ ಹಾಗೆ ಮಾಡಿ. ಫೋನ್ ಒಬ್ಬರ ಕೈಗೆ ಕೊಟ್ಟು ಬಾಯಿ ಮುಚ್ಚಿಕೊಂಡು ಕೂತುಕೊಳ್ಳಿ. ಇದೇ ಕಷ್ಟ. ನನ್ನ ಹಳೇ ಆ್ಯಪ್ ಅನ್ನು ನನ್ನ ಅತ್ತಿಗೆಗೆ ಕೊಟ್ಟಾಗ ಅವರು 'ಕಾರ್ಟ್‌ಗೆ ಸೇರಿಸಿ' ಅನ್ನುವ ಬಟನ್ ಬಿಟ್ಟು ಪುಸ್ತಕದ ಚಿತ್ರವನ್ನೇ ಐದು ಸಲ ಒತ್ತಿದರು. 'ಅಲ್ಲಲ್ಲ, ಕೆಳಗೆ ನೋಡಿ' ಅಂತ ನಾನು ಹೇಳಿಬಿಟ್ಟೆ. ಗಿರಾಕಿಯ ಮನೆಯಲ್ಲಿ ಹಾಗೆ ಹೇಳಲು ನಾನು ಇರುತ್ತೇನಾ?

ಪ್ರಶ್ನೆ: ನಾನು ನಿವೃತ್ತ ಎಂಜಿನಿಯರ್, ಮಲ್ಲೇಶ್ವರ. ನನ್ನ ಹತ್ತಿರ ಒಂದು ದೊಡ್ಡ ಐಡಿಯಾ ಇದೆ. ಪರೀಕ್ಷೆಗೆ ಅಂತ ನಾಲ್ಕು ಜನಕ್ಕೆ ತೋರಿಸಿದರೆ ಕದ್ದುಬಿಡುತ್ತಾರೆ ಅಂತ ಭಯ. ಮೊದಲು ಪೇಟೆಂಟ್ ಮಾಡಿಸಲೇ?

ಉತ್ತರ: ಕಾಪಿರೈಟ್ ಬರುವುದು ಬರೆದ ಕೋಡ್‌ಗೆ, ಬಿಡಿಸಿದ ಚಿತ್ರಕ್ಕೆ. ಬರೀ ಐಡಿಯಾಗೆ ಬರುವುದಿಲ್ಲ. ನಮ್ಮ ಪೇಟೆಂಟ್ ಕಾಯ್ದೆಯ 3(ಕೆ) ಸೆಕ್ಷನ್ ಪ್ರಕಾರ ಬರೀ ವ್ಯಾಪಾರದ ವಿಧಾನ, ಬರೀ ಕಂಪ್ಯೂಟರ್ ಪ್ರೋಗ್ರಾಂ ಪೇಟೆಂಟ್‌ಗೆ ಬರುವುದಿಲ್ಲ. ಹೊಸ ಯಂತ್ರವೋ ತಾಂತ್ರಿಕ ವಿಧಾನವೋ ಆಗಿದ್ದರೆ ಮಾತ್ರ, ಯಾರಿಗೂ ತೋರಿಸುವ ಮುಂಚೆ ಪೇಟೆಂಟ್ ವಕೀಲರೊಬ್ಬರನ್ನು ಕಾಣಿ.

ಇನ್ನು ಕಳ್ಳತನ. ಮೇಲಿನ ಪತ್ರ ಬರೆದವರು ತಮ್ಮ ಐಡಿಯಾ, ರೇಟು, ಉಳಿತಾಯ ಎಲ್ಲ ಈ ಪುಟದಲ್ಲೇ ಬಿಚ್ಚಿಟ್ಟಿದ್ದಾರೆ. ಓದಿದವರಲ್ಲಿ ಎಷ್ಟು ಜನ ನಾಳೆ ಬೆಳಿಗ್ಗೆ ಎದ್ದು ದಾರದ ಡಬ್ಬ ಹಿಡಿದುಕೊಂಡು ವಿಜಯನಗರಕ್ಕೆ ಹೋಗುತ್ತಾರೆ? ನಿಮ್ಮ ಪತ್ರ ಮೂರು ಪುಟ ಇದೆ ಸಾರ್, ಆದರೆ ಐಡಿಯಾ ಏನು ಅಂತ ಎಲ್ಲೂ ಬರೆದಿಲ್ಲ. ಉತ್ತರ ಕೊಡಲು ಅದೊಂದೇ ತೊಂದರೆ. ಮುಂದಿನ ಸಲ ಅದನ್ನೂ ಬರೆಯಿರಿ. ನಾನು ಅಂಗಡಿ ಮುಚ್ಚಿ ನಾಲ್ಕು ವರ್ಷವಾಯಿತು, ಕದಿಯುವಷ್ಟು ಓಡಾಟ ಈಗ ಈ ಮಂಡಿಯಿಂದ ಆಗಲ್ಲ.