ಬೆಳ್ಯಪ್ಪನ ರಾತ್ರಿಗಳನ್ನು ಇನ್ನೊಮ್ಮೆ ಬರೆಯಿರಿ

ಆತ್ಮೀಯರೇ,

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಮನೆಯನ್ನೂ ತಮ್ಮನನ್ನೂ ಕಳೆದುಕೊಂಡ ಬೆಳ್ಯಪ್ಪನ ಬಗ್ಗೆ ನೀವು ಬರೆದ ಕತೆ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ನೀವು ಇದನ್ನು ಕೈಬಿಡಬಾರದೆಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮಕ್ಕಂದೂರಿನ ತೋಟ, ತೋಡಿನ ನೀರು ಒಮ್ಮೆಲೇ ಕೆಂಪಾದದ್ದು, ನಾಯಿ ಒಳಗೆ ಬರಲೊಲ್ಲದೆ ಅಂಗಳದಲ್ಲೇ ನಿಂತು ಊಳಿಟ್ಟದ್ದು, ಇವನ್ನು ಕಣ್ಣಾರೆ ಕಂಡವರಿಂದ ಕೇಳಿ ಬರೆದಿದ್ದೀರಿ ಎಂದು ಗೊತ್ತಾಗುತ್ತದೆ. ಒಂದು ಸಾಲನ್ನೂ ಮುಟ್ಟಬೇಡಿ. ಪರಿಹಾರ ಕೇಂದ್ರಕ್ಕೆ ಬಂದ ಮೇಲೆ ಕತೆ ಸಡಿಲವಾಗುತ್ತದೆ. ಬೆಳ್ಯಪ್ಪ ಚೀರಿ ಎದ್ದು ಕೂರುತ್ತಾನೆ, ಮೈ ಬೆವರಿರುತ್ತದೆ, ಹೆಂಡತಿ ನೀರು ಕೊಡುತ್ತಾಳೆ. ಇದೇ ದೃಶ್ಯ ಮೂರು ಸಲ. ಕೊನೆಗೆ ಗುಡ್ಡ ಕುಸಿದ ಜಾಗಕ್ಕೆ ಹೋಗಿ ಮನಸಾರೆ ಅಳುತ್ತಾನೆ, ಅಂದು ರಾತ್ರಿ ಗಾಢ ನಿದ್ದೆ.

ಚೀರಿ ಏಳುವುದು ಸುಳ್ಳಲ್ಲ. ಆದರೆ ಅದು ರಾತ್ರಿಯ ಒಂದು ಗಳಿಗೆ. ಉಳಿದ ಹೊತ್ತು ಎಲ್ಲಿ ಹೋಯಿತು? ಆಘಾತದ ನಂತರ ಕಾಡುವ ಈ ಕಾಯಿಲೆ, ವೈದ್ಯರು ಪಿಟಿಎಸ್‌ಡಿ ಎನ್ನುವುದು, 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಗೆ ಸೇರಿತು. ಈಗಿನ ಕೈಪಿಡಿಯಲ್ಲಿ ನಿದ್ದೆಯ ತೊಂದರೆ ಎರಡು ಕಡೆ ಬರುತ್ತದೆ. ದುಃಸ್ವಪ್ನಗಳು ಬೇಡವೆಂದರೂ ನುಗ್ಗುವ ನೆನಪುಗಳ ಜೊತೆಗಿವೆ. ನಿದ್ದೆ ಹತ್ತದಿರುವುದು, ಮತ್ತೆಮತ್ತೆ ಎಚ್ಚರವಾಗುವುದು, ಸದಾ ಮೈಯೆಲ್ಲ ಕಿವಿಯಾಗಿರುವ ಸ್ಥಿತಿಯ ಜೊತೆಗಿದೆ. ನಿಮ್ಮ ಕತೆಯಲ್ಲಿ ಮೊದಲನೆಯದು ಮಾತ್ರ ಇದೆ. ಬರೆಯುವವರಿಗೆ ಎರಡನೆಯದರಲ್ಲೇ ಹೆಚ್ಚು ಸಿಗುತ್ತದೆ. ಇಂಥವರು ಎಷ್ಟೋ ಮಂದಿ ಮಲಗಲಿಕ್ಕೇ ಹೆದರುತ್ತಾರೆ, ಏಕೆಂದರೆ ಕಣ್ಣು ಮುಚ್ಚಿದರೆ ಕಾವಲು ತಪ್ಪುತ್ತದೆ. ಹಾಗಾಗಿ ಬೆಳ್ಯಪ್ಪ ಏನಾದರೂ ನೆವ ತೆಗೆದು ಮಧ್ಯರಾತ್ರಿಯವರೆಗೂ ಕೂರಲಿ. ಹಾಕಿದ ಚಿಲಕವನ್ನೇ ಮತ್ತೆ ನೋಡಿ ಬರಲಿ. ಬಾಗಿಲ ಪಕ್ಕದಲ್ಲೇ ಚಾಪೆ ಹಾಸಿ ಚಪ್ಪಲಿಯನ್ನು ಕೈಗೆಟುಕುವಲ್ಲಿ ಇಟ್ಟುಕೊಳ್ಳಲಿ. ಶೀಟಿನ ಮೇಲೆ ಮಳೆ ಜೋರಾದರೆ ಅವನಿಗೆ ಭಯ, ಸಟ್ಟನೆ ನಿಂತರೆ ಇನ್ನೂ ಭಯ. ಲೈಟು ಆರಿಸಲು ಬಿಡದ ಗಂಡನ ಪಕ್ಕ ಮಲಗಿ ಬೆಳಗ್ಗೆ ತೋಟದ ಕೆಲಸಕ್ಕೆ ಹೋಗಬೇಕಾದ ಹೆಂಡತಿಗೆ ನೀವು ಒಂದು ಮಾತನ್ನೂ ಕೊಟ್ಟಿಲ್ಲ. ಅವಳಿಗೆ ಸಿಟ್ಟು ಬರುವುದಿಲ್ಲವೇ?

ಇನ್ನೊಂದು ಸಂಗತಿ ತಿಳಿದರೆ ಕತೆಯ ನಡೆಯೇ ಬದಲಾದೀತು. ಕೆಟ್ಟ ನಿದ್ದೆ ಈ ಕಾಯಿಲೆಯ ಲಕ್ಷಣ ಮಾತ್ರವಲ್ಲ, ಕಾಯಿಲೆ ಬಿಡದಂತೆ ಹಿಡಿದಿಡುವುದರಲ್ಲಿ ಅದರದೂ ಪಾಲಿದೆ. 'ಈ ಮಳೆಯಿಂದ ಈಗ ಅಪಾಯವಿಲ್ಲ' ಎಂದು ಮನಸ್ಸು ಹಗಲಲ್ಲಿ ಕಲಿತದ್ದು ಗಟ್ಟಿಯಾಗಲು ನಿದ್ದೆ, ಅದರಲ್ಲೂ ಕನಸಿನ ಹಂತದ ನಿದ್ದೆ, ನೆರವಾಗುತ್ತದೆಂದು ಸಂಶೋಧಕರು ಹೇಳುತ್ತಾರೆ. ಆ ಹಂತವೇ ತುಂಡುತುಂಡಾದರೆ ಕಲಿತದ್ದು ನಿಲ್ಲುವುದಿಲ್ಲ. ಭಯದಿಂದ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟು ಭಯ ಆರದೆ ಉಳಿಯುತ್ತದೆ.

ಗೆಳೆಯ ತಂದ ಮಿಲಿಟರಿ ರಮ್ ಕುಡಿದು ಬೆಳ್ಯಪ್ಪ ಹಾಯಾಗಿ ಮಲಗುವ ಪ್ಯಾರಾ ತೆಗೆಯಿರಿ, ಇಲ್ಲವೇ ಮುಂದುವರಿಸಿ. ಕುಡಿತ ಬೇಗ ನಿದ್ದೆಗೆ ಜಾರಿಸುತ್ತದೆ, ನಿಜ. ಕನಸಿನ ನಿದ್ದೆಯನ್ನು ಮೊದಲರ್ಧ ರಾತ್ರಿ ಅದುಮಿ, ಉಳಿದರ್ಧದಲ್ಲಿ ನಿದ್ದೆಯನ್ನೇ ಒಡೆಯುತ್ತದೆ. ಬೆಳಗಿನ ಜಾವ ಮೂರು ಗಂಟೆಗೆ ಅವನ ಗತಿಯೇನು ಎಂಬುದನ್ನೂ ಬರೆಯಬೇಕು.

ಕೊನೆಯ ಪುಟವನ್ನಂತೂ ನಾನು ಒಪ್ಪುವುದಿಲ್ಲ. ಒಂದು ಅಳು ಇದನ್ನು ತೊಳೆಯುವುದಿಲ್ಲ. ಚಿಕಿತ್ಸೆಯಿಂದ ಉಳಿದ ಲಕ್ಷಣಗಳು ತಗ್ಗಿದ ಮೇಲೂ ನಿದ್ದೆ ಸರಿಹೋಗದವರು ಬಹಳ ಮಂದಿ. ಅವರಿಗೆ ನಿದ್ದೆಗೇ ಬೇರೆ ಚಿಕಿತ್ಸೆ ಬೇಕಾಗುತ್ತದೆ. ದುಃಸ್ವಪ್ನಕ್ಕೆ ಒಂದು ವಿಧಾನವಿದೆ: ಹಗಲಲ್ಲಿ, ಪೂರ್ತಿ ಎಚ್ಚರದಲ್ಲಿ, ಕಾಡುವ ಕನಸನ್ನು ತನಗೆ ಬೇಕಾದಂತೆ ಬದಲಿಸಿ ಬರೆದು, ಆ ಹೊಸ ಕನಸನ್ನು ದಿನಾ ಮನಸ್ಸಿನಲ್ಲಿ ಅಭ್ಯಾಸ ಮಾಡುವುದು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಂಗಸರಲ್ಲಿ ಇದರಿಂದ ದುಃಸ್ವಪ್ನಗಳು ತಗ್ಗಿದವೆಂದು ಅಮೆರಿಕದ ವೈದ್ಯ ಬ್ಯಾರಿ ಕ್ರಾಕೋವ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದರು. ಎಲ್ಲರಿಗೂ ಫಲಿಸುತ್ತದೆಂದಲ್ಲ. ಆದರೆ ಬೆಳ್ಯಪ್ಪನ ಮುಂದೆ ಒಂದು ನೋಟ್‌ಬುಕ್ ಇಟ್ಟು ನೋಡಿ. ಗುಡ್ಡವನ್ನು ನಿಲ್ಲಿಸುತ್ತಾನೋ, ತಮ್ಮನನ್ನು ಹತ್ತು ನಿಮಿಷ ಮೊದಲು ಹೊರಗೆ ಕರೆಯುತ್ತಾನೋ, ಅಥವಾ ಬದಲಿಸಿದರೆ ತಮ್ಮನಿಗೆ ದ್ರೋಹವಾದೀತೆಂದು ಪೆನ್ನನ್ನೇ ಮುಟ್ಟುವುದಿಲ್ಲವೋ? ನಿಮ್ಮ ಕತೆ ಇಲ್ಲಿದೆ ಎಂದು ನನಗನ್ನಿಸುತ್ತದೆ. ಚಿಕಿತ್ಸೆಯ ಹೆಸರು, ಇಸವಿ ಯಾವುದೂ ಕತೆಯೊಳಗೆ ಬೇಡ. ಅವು ನಿಮ್ಮ ತಿಳಿವಳಿಕೆಗೆ.

ಇದು ನಿಮ್ಮ ದೊಡ್ಡಪ್ಪನ ಅನುಭವ ಎಂದು ಪತ್ರದಲ್ಲಿ ಬರೆದಿದ್ದೀರಿ. ಅವರಿಗೆ ಈಗಲೂ ನಿದ್ದೆ ಇಲ್ಲವೆಂದಾದರೆ ಕತೆ ಕಾಯಲಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬರೆಯಲು ಅವರ ಒಪ್ಪಿಗೆಯನ್ನೂ ಪಡೆಯಿರಿ. ಕೇಳುವುದಿದ್ದರೆ ಬೆಳಗ್ಗೆ ಕೇಳಿ, ಮಲಗುವ ಹೊತ್ತಿಗೆ ಆ ಮಾತು ತೆಗೆಯಬೇಡಿ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ.